ನಡುಗೋಡೆ ಯಾರದು? ಮೋಜಣಿಯ ಚರಿತ್ರೆ ಹೇಳುವ ಉತ್ತರ

ರಜೆಗೆ ಊರಿಗೆ ಹೋಗಿ ಬುರೈದಾಕ್ಕೆ ಮರಳುವ ನಮ್ಮ ಕುಟುಂಬಗಳಲ್ಲಿ ಕೆಲವು ಪ್ರಶ್ನೆಗಳು ತಪ್ಪದೆ ಕೇಳಿಬರುತ್ತವೆ. ಎರಡು ಮನೆಗಳ ನಡುವಿನ ಗೋಡೆ ಯಾರದು? ನೆರೆಯವರು ಅದರ ಮೇಲೆ ತೊಲೆ ಇಡಬಹುದೇ? ಸರ್ವೆ ಮಾಡಿಸಿದರೆ ತಕರಾರು ತೀರುವುದೇ? ಇವು ಇಂದಿನ ಪ್ರಶ್ನೆಗಳಲ್ಲ. ಇವುಗಳ ಬೇರು ಕನ್ನಡ ನಾಡಿನ ಚರಿತ್ರೆಯಲ್ಲಿ ಬಹು ಆಳಕ್ಕಿಳಿದಿದೆ.

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ಅದರಲ್ಲಿ ಸೀಮಾವಿವಾದಕ್ಕೇ ಒಂದು ಪ್ರಕರಣ ಮೀಸಲಾಗಿದೆ. ನಾಡು, ಗ್ರಾಮ, ಹೊಲ, ಮನೆ ಎಂದು ಸೀಮೆ ನಾಲ್ಕು ಬಗೆಯದು. ಗುರುತುಗಳು ಅಳಿಸಿಹೋದಲ್ಲಿ ನೆರೆಯವರು ನಾಲ್ವರೋ ಎಂಟು ಮಂದಿಯೋ ಹತ್ತು ಮಂದಿಯೋ ಕೆಂಪು ಹೂಮಾಲೆ, ಕೆಂಪು ವಸ್ತ್ರ ಧರಿಸಿ, ತಲೆಯ ಮೇಲೆ ಮಣ್ಣು ಹೊತ್ತು ಎಲ್ಲೆಯನ್ನು ತೋರಿಸಬೇಕು. ಮನೆಗೂ ಮಳೆನೀರಿನ ಹರಿವಿಗೂ ಇದೇ ವಿಧಿ. ಗುರುತುಗಳಿಲ್ಲದಲ್ಲಿ ಎಲ್ಲೆಗೆ ನೆರೆಯವರ ಸಾಕ್ಷ್ಯವೇ ಆಧಾರವೆಂಬುದು ಇದರ ತಿರುಳು.

ಹತ್ತೊಂಬತ್ತನೆಯ ಶತಮಾನದಲ್ಲಿ ಸಾಕ್ಷಿಯ ಸ್ಥಾನಕ್ಕೆ ಸರಪಳಿ ಬಂದಿತು. 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಆರಂಭವಾದ ಮುಂಬಯಿ ಪ್ರಾಂತದ ಕಂದಾಯ ಮೋಜಣಿ ಮುಂದೆ ಧಾರವಾಡದ ಸೀಮೆಗೂ ವಿಸ್ತರಿಸಿತು; ಮೈಸೂರಿನಲ್ಲಿ ಅದೇ ಮಾದರಿಯ ಮೋಜಣಿ 1863ರಲ್ಲಿ ಮೊದಲಾಯಿತು. ಅಳತೆಯ ಸರಪಳಿಯ ಉದ್ದ 33 ಅಡಿ. ಅದರಲ್ಲಿ 16 ಆಣೆ. ಒಂದು ಚದರ ಸರಪಳಿ ಎಂದರೆ 1,089 ಚದರಡಿ, ಅದೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ನಾವು ಇಂದಿಗೂ ಬಳಸುವ ಗುಂಟೆಯ ಲೆಕ್ಕ ಇದೇ.

ಆದರೆ ಒಂದು ಆಣೆ ಎರಡು ಅಡಿಗೂ ತುಸು ಹೆಚ್ಚು. ನಡುಗೋಡೆಯ ಅರ್ಧ ಯಾರದೆಂಬ ವ್ಯಾಜ್ಯ ಅದಕ್ಕಿಂತ ಕಿರಿದು. ಅದಕ್ಕೂ ಮಿಗಿಲಾಗಿ, ಮೋಜಣಿಯ ಉದ್ದೇಶ ಕಂದಾಯ. ಬೆಳೆಯುವ ಹೊಲಕ್ಕೆ ಸರ್ವೆ ನಂಬರು, ಬಾಂದುಕಲ್ಲು, ಟಿಪ್ಪಣಿ ದೊರೆತವು. ಜನ ವಾಸಿಸುವ ಗ್ರಾಮಠಾಣವು ಸಾಮಾನ್ಯವಾಗಿ ಒಳಗೆ ಮನೆಮನೆಯ ಅಳತೆಯಿಲ್ಲದೆ ಉಳಿಯಿತು. ಹೀಗಾಗಿ ಮನೆಯ ಎಲ್ಲೆ ಕ್ರಯಪತ್ರದ ಚೆಕ್ಕುಬಂದಿಯಲ್ಲಿ, ಇಲ್ಲವೇ ಹಿರಿಯರ ನೆನಪಿನಲ್ಲಿ ನಿಂತಿತು.

ತೊಲೆಯ ಪ್ರಶ್ನೆ ನಾವಿರುವ ಈ ನಾಡಿಗೂ ಹಳೆಯದೇ. ನಜ್ದ್ ಪ್ರದೇಶದ ಹಳೆಯ ಪಟ್ಟಣಗಳಲ್ಲಿ ಮಣ್ಣಿನ ಮನೆಗಳು ಒಂದಕ್ಕೊಂದು ತಾಗಿಕೊಂಡಿದ್ದವು. ನೆರೆಯವನು ಗೋಡೆಯಲ್ಲಿ ತೊಲೆ ಊರುವುದನ್ನು ತಡೆಯಬಾರದೆಂದು ಹದೀಸ್ ಹೇಳುತ್ತದೆ. ಗೋಡೆಗೆ ಹಾನಿಯಾಗದಿದ್ದಲ್ಲಿ ಇದನ್ನು ನೆರೆಯವನ ಹಕ್ಕೆಂದೇ ಹನ್ಬಲಿ ಪಂಥ ಮನ್ನಿಸುತ್ತದೆ. ಲಂಡನ್ನಿನಲ್ಲಿ 1666ರ ಮಹಾಬೆಂಕಿಯ ನಂತರ ಬಂದ ಪುನರ್ನಿರ್ಮಾಣ ಶಾಸನವೂ ಜಂಟಿ ಗೋಡೆಗಳಿಗೆ ನಿಯಮ ವಿಧಿಸಿತು. ನಮ್ಮಲ್ಲಿ ಜಂಟಿ ಗೋಡೆಯನ್ನು ಒಬ್ಬರೇ ಕೆಡವಬಾರದು, ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಎತ್ತರಿಸಬಾರದು ಎಂಬುದು ನ್ಯಾಯಾಲಯಗಳ ಸಾಮಾನ್ಯ ನಿಲುವು.

2020ರ ಏಪ್ರಿಲ್ 24ರಂದು ಆರಂಭವಾದ ‘ಸ್ವಾಮಿತ್ವ’ ಯೋಜನೆ ಬಿಟ್ಟುಹೋಗಿದ್ದ ಗ್ರಾಮಠಾಣವನ್ನೇ ಡ್ರೋನ್ ಮೂಲಕ ಅಳೆಯುತ್ತದೆ. ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದರೆ ಡ್ರೋನ್‌ಗೆ ಕಾಣುವುದು ಮಾಳಿಗೆ, ಅದರಡಿಯ ನಡುಗೋಡೆಯಲ್ಲ. ಆದ್ದರಿಂದಲೇ ಹಾರಾಟಕ್ಕೆ ಮೊದಲು ಮನೆಯವರ ಎದುರಿನಲ್ಲಿ ಸುಣ್ಣದ ಗೆರೆ ಎಳೆಯಲಾಗುತ್ತದೆ. ಕೆಂಪು ಮಾಲೆಯ ಸಾಕ್ಷಿಗಳ ಕೆಲಸ ಈಗ ಆ ಗೆರೆಯದು.

ಪರದೇಶದಲ್ಲಿರುವ ನಮಗೆ ಆತಂಕ ಇರುವುದು ಇಲ್ಲಿಯೇ. ಗೆರೆ ಎಳೆಯುವ ದಿನ ನಮ್ಮ ಪರವಾಗಿ ಯಾರು ನಿಲ್ಲುತ್ತಾರೆ? 1963ರ ಕಾಲಮಿತಿ ಕಾಯ್ದೆಯಂತೆ ಅನ್ಯರು 12 ವರ್ಷ ಪ್ರತಿಕೂಲ ಸ್ವಾಧೀನದಲ್ಲಿದ್ದರೆ ಸ್ವತ್ತನ್ನು ಮರಳಿ ಕೇಳುವ ಹಕ್ಕೇ ನಶಿಸಬಹುದು. ಹೊಸ ಫ್ಲ್ಯಾಟ್ ಕೊಂಡವರಿಗೂ ಗಡುವಿದೆ: 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ ಸ್ವಾಧೀನ ಪಡೆದ 5 ವರ್ಷಗಳೊಳಗೆ ಕಟ್ಟಡದ ರಚನಾದೋಷವನ್ನು ತಿಳಿಸಿದರೆ, ನಿರ್ಮಾಪಕರು 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ಬಿರುಕು ಕಂಡ ದಿನವೇ ಲಿಖಿತವಾಗಿ ತಿಳಿಸುವುದು ಒಳಿತು.

ಮುಂದಿನ ರಜೆಯಲ್ಲಿ ಹಳೆಯ ಕ್ರಯಪತ್ರ ತೆಗೆದು ಚೆಕ್ಕುಬಂದಿ ಓದೋಣ. ನಡುಗೋಡೆಯ ವಿಷಯ ಬಲ್ಲ ಹಿರಿಯರಿರುವಾಗಲೇ ಪಕ್ಕದ ಮನೆಯವರೊಂದಿಗೆ ಕುಳಿತು, ಒಪ್ಪಿದ್ದನ್ನು ಬರೆದು ಇಬ್ಬರೂ ರುಜು ಹಾಕೋಣ.