ಹಕ್ಕಿ ಬೇಟೆಯ ನಾಯಿ: ಬಯಲಿನ ಪಂದ್ಯ, ಮಲೆಯ ಪಾಲು

ಕಳಸ, ಹೊರನಾಡು, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಐವತ್ತು ಅರವತ್ತು ವರ್ಷಗಳ ಹಿಂದೆ ನಾಯಿ ಸಾಕದ ಮನೆ ಅಪರೂಪ. ಕೋವಿಗೂ ಬರವಿರಲಿಲ್ಲ. ಕಾಡುಕೋಳಿ, ಚಿಟ್ಟುಕೋಳಿ, ಹಸಿರು ಪಾರಿವಾಳಗಳು ತೋಟದ ಅಂಚಿನಲ್ಲೇ ಸಿಗುತ್ತಿದ್ದವು. ಬೇಟೆಯ ಹುಚ್ಚಂತೂ ಬೇಕಾದಷ್ಟಿತ್ತು. ಇಷ್ಟೆಲ್ಲ ಇದ್ದರೂ ಹಕ್ಕಿ ಬೇಟೆಯ ನಾಯಿಗಳನ್ನು ಪಂದ್ಯಕ್ಕೆ ಬಿಟ್ಟು ಬಹುಮಾನ ಕೊಡುವ ಆಟ ಈ ಸೀಮೆಯಲ್ಲಿ ಬೇರೂರಲಿಲ್ಲ. ಇಂಗ್ಲೆಂಡ್, ಅಮೆರಿಕಗಳಲ್ಲಿ ಅದು ದೊಡ್ಡ ಕ್ರೀಡೆಯಾಗಿ ಬೆಳೆಯಿತು. ತೋಟ ಮಾಡಲು ಇಲ್ಲಿಗೆ ಬಂದ ಬಿಳಿಯ ದೊರೆಗಳ ತಾಯ್ನಾಡಿನಲ್ಲೇ ಹುಟ್ಟಿದ ಆಟ ಇಲ್ಲೇಕೆ ನಿಲ್ಲಲಿಲ್ಲ?

ಆಟದ ಹುಟ್ಟನ್ನು ಮೊದಲು ನೋಡಬೇಕು. 1859ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಒಂದು ಶ್ವಾನ ಪ್ರದರ್ಶನ ನಡೆಯಿತು. ಅಲ್ಲಿ ಸ್ಪರ್ಧಿಸಿದ್ದು ಎರಡೇ ಜಾತಿ: ಪಾಯಿಂಟರ್ ಮತ್ತು ಸೆಟ್ಟರ್. ಎರಡೂ ಹಕ್ಕಿ ಬೇಟೆಯ ನಾಯಿಗಳೇ. ಹಕ್ಕಿಯ ವಾಸನೆ ಮೂಗಿಗೆ ಬಡಿದೊಡನೆ ಪಾಯಿಂಟರ್ ಮುಂಗಾಲು ಮಡಚಿ, ಮೂತಿಯನ್ನು ಹಕ್ಕಿಯ ಕಡೆ ಚಾಚಿ ಕಲ್ಲಿನಂತೆ ನಿಂತುಬಿಡುತ್ತದೆ. ಸೆಟ್ಟರ್ ನೆಲಕ್ಕೆ ಬಗ್ಗುತ್ತದೆ. ಆದರೆ ಪ್ರದರ್ಶನದಲ್ಲಿ ತೀರ್ಪುಗಾರರ ಕಣ್ಣಿಗೆ ಬೀಳುವುದು ಮೈಕಟ್ಟು, ಬಣ್ಣ, ನಿಲುವು. ಮೂಗಿನ ಪರೀಕ್ಷೆ ಅಲ್ಲಿ ಹೇಗಾದೀತು? ಆರು ವರ್ಷಗಳ ನಂತರ, 1865ರಲ್ಲಿ, ಬೆಡ್‌ಫರ್ಡ್‌ಷೈರಿನ ಸೌತ್‌ಹಿಲ್‌ನಲ್ಲಿ ಇವೇ ಜಾತಿಗಳನ್ನು ಹೊಲಕ್ಕೆ ಬಿಟ್ಟು ಪರೀಕ್ಷಿಸಿದರು. ‘ಫೀಲ್ಡ್ ಟ್ರಯಲ್’ ಎಂಬ ಪಂದ್ಯ ಆರಂಭವಾದದ್ದು ಹೀಗೆ.

ಪಂದ್ಯದಲ್ಲಿ ನಾಯಿಗಳನ್ನು ಜೋಡಿಯಾಗಿ ಬಿಡುತ್ತಾರೆ. ಗಾಳಿಗೆ ಎದುರಾಗಿ, ಹೊಲದ ಅಡ್ಡಡ್ಡಕ್ಕೆ ಓಡುತ್ತ ನಾಯಿ ವಾಸನೆ ಹುಡುಕಬೇಕು. ಹಕ್ಕಿ ಅವಿತ ಜಾಗ ಸಿಕ್ಕೊಡನೆ ನಿಲ್ಲಬೇಕು. ಯಜಮಾನ ಬರುವವರೆಗೆ ಕದಲಬಾರದು. ಜೊತೆಯ ನಾಯಿ ನಿಂತದ್ದನ್ನು ಕಂಡರೆ ಇನ್ನೊಂದು ತಾನೂ ಇದ್ದಲ್ಲೇ ನಿಲ್ಲಬೇಕು, ಮುನ್ನುಗ್ಗಿ ಅದರ ಹಕ್ಕಿಯನ್ನು ಕಸಿಯುವಂತಿಲ್ಲ. ಮನುಷ್ಯರ ಎಷ್ಟೋ ಆಟಗಳಲ್ಲಿ ಕಾಣದ ಸಭ್ಯತೆ ಇದು! 1874ರಲ್ಲಿ ಪಂದ್ಯ ಅಮೆರಿಕದ ಟೆನೆಸಿ ರಾಜ್ಯ ತಲುಪಿತು. 1896ರಲ್ಲಿ ಅಲ್ಲಿನ ರಾಷ್ಟ್ರೀಯ ಚಾಂಪಿಯನ್‌ಷಿಪ್ ಶುರುವಾಯಿತು. ಅದರಲ್ಲಿ ಒಂದೊಂದು ಜೋಡಿ ಮೂರು ಗಂಟೆ ಓಡಬೇಕು. ತೀರ್ಪುಗಾರರು ಕುದುರೆಯೇರಿ ಹಿಂಬಾಲಿಸುತ್ತಾರೆ. ಹಕ್ಕಿ ಎದ್ದಾಗ ಹಾರಿಸುವುದು ಬರಿ ಮದ್ದಿನ ಈಡು. ಹಕ್ಕಿ ಬದುಕಿಕೊಳ್ಳುತ್ತದೆ, ಅಂಕ ನಾಯಿಗೆ ಸಲ್ಲುತ್ತದೆ.

ನಾಯಿಯ ಕೆಲಸವನ್ನು ಗುರುತಿಸಿ ಗೌರವಿಸುವುದನ್ನು ಕನ್ನಡ ನಾಡು ಬಿಳಿಯರಿಂದ ಕಲಿಯಬೇಕಿರಲಿಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಹತ್ತನೆಯ ಶತಮಾನದ ನಡುವಿನದು. ಗಂಗರ ಬೂತುಗನು ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ನಂತರ, ತನ್ನ ಪರವಾಗಿ ಕಾದಿದ ಮಣಲೇರನಿಗೆ ಬೇಕಾದದ್ದು ಕೇಳೆಂದ. ಮಣಲೇರ ಊರು ಕೇರಿ ಕೇಳಲಿಲ್ಲ, ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು; ಕಲ್ಲಿಗೆ ಪೂಜೆ ಸಲ್ಲಿಸದೆ ಗುಡಿಯ ಗೊರವ ಊಟ ಮಾಡಬಾರದೆಂದು ಕಟ್ಟಳೆ ಮಾಡಿದರು. ನಾಯಿ ಹಂದಿಗಳ ಸೆಣಸಾಟವನ್ನು ಕೆತ್ತಿದ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಹಾಗಾದರೆ ಕಾಫಿ ಸೀಮೆಯಲ್ಲಿ ಪಂದ್ಯಕ್ಕೆ ಅಡ್ಡಿಯಾದದ್ದು ಏನು? ಉತ್ಸಾಹದ ಕೊರತೆಯಂತೂ ಅಲ್ಲ. 1856ರಲ್ಲಿ ಪಕ್ಕದ ಮಂಜರಾಬಾದ್ ಸೀಮೆಯಲ್ಲಿ ತೋಟ ಹಾಕಿದ ರಾಬರ್ಟ್ ಎಲಿಯಟ್ 1894ರಲ್ಲಿ ಮೈಸೂರು ಸಂಸ್ಥಾನದ ಬಗ್ಗೆ ಪುಸ್ತಕ ಪ್ರಕಟಿಸಿದಾಗ ಅದರ ಹೆಸರಿನಲ್ಲೇ ಚಿನ್ನ, ಕಾಫಿಗಳ ಜೊತೆ ಶಿಕಾರಿಗೂ ಜಾಗ ಕೊಟ್ಟ. ಅಡ್ಡಿಯಾದದ್ದು ನೆಲ ಮತ್ತು ಹಕ್ಕಿ. ಪಾಯಿಂಟರ್ ಪಂದ್ಯಕ್ಕೆ ಕಣ್ಣು ಹಾಯುವಷ್ಟು ಬಯಲು ಬೇಕು, ನಾಯಿ ಹತ್ತಿರ ಬಂದರೂ ಅವಿತು ಕೂರುವ ಹಕ್ಕಿ ಬೇಕು. ಕಾಡುಕೋಳಿ ಅಂಥ ಜಾತಿಯಲ್ಲ. ಸದ್ದಾದರೆ ಪೊದೆಯೊಳಗೆ ಓಡುತ್ತದೆ, ಬೆನ್ನು ಹತ್ತಿದರೆ ಬುರ್ರನೆ ಹಾರಿ ಮರ ಸೇರುತ್ತದೆ. ಅಲ್ಲದೆ ಹಳುವಿನ ನಡುವೆ ಪಾಯಿಂಟರ್ ಕಲ್ಲಿನಂತೆ ನಿಂತರೆ ಯಜಮಾನನ ಕಣ್ಣಿಗೆ ಬೀಳುವುದಾದರೂ ಹೇಗೆ? ಇಲ್ಲಿಗೆ ಬೇಕಾದದ್ದು ಬೊಗಳುವ ನಾಯಿ. ಹೊರನಾಡು, ಕುದುರೆಮುಖದ ಕಡೆ ಹುಲ್ಲುಗುಡ್ಡಗಳಿವೆ ನಿಜ; ಆದರೆ ಆ ಕಡಿದಾದ ಇಳಿಜಾರಿನಲ್ಲಿ, ಆ ಮಳೆಗಾಳಿಯಲ್ಲಿ ಕುದುರೆಯ ಮೇಲೆ ನಾಯಿಯ ಹಿಂದೆ ಓಡುವವರಾರು? ಉದಕಮಂಡಲದ ಹುಲ್ಲುಬಯಲಲ್ಲಿ ಬಿಳಿಯರು ಇಂಗ್ಲೆಂಡಿನ ಹೌಂಡುಗಳನ್ನು ತರಿಸಿ ನರಿ ಬೇಟೆಯನ್ನು ಕ್ರೀಡೆಯಾಗಿಯೇ ನಡೆಸಿದರು.

ಮಲೆನಾಡಿನ ಬೇಟೆಯ ಕಟ್ಟುಪಾಡೇ ಬೇರೆ. ಕೆಲವರು ಕೋವಿ ಹಿಡಿದು ಬಿಲ್ಲಿಗೆ ನಿಲ್ಲುವುದು, ಉಳಿದವರು ನಾಯಿಗಳೊಂದಿಗೆ ಹಳು ಸೋವುವುದು, ಬಿದ್ದದ್ದನ್ನು ಪಾಲು ಹಾಕುವುದು. ನಾಯಿ ತಂದವನಿಗೂ ಪಾಲುಂಟು. ಒಬ್ಬರ ನಾಯಿಯನ್ನು ಇನ್ನೊಬ್ಬರ ನಾಯಿಯೊಂದಿಗೆ ಅಂಕ ಹಾಕಿ ತೂಗುವ ಅಗತ್ಯ ಬರಲಿಲ್ಲ. ಒಳ್ಳೆಯ ನಾಯಿಯ ಖ್ಯಾತಿ ಊರವರ ಬಾಯಲ್ಲಿರುತ್ತಿತ್ತು. ಮಲೆನಾಡಿಗರು ಕುರ್ಕ ಎನ್ನುವ ಚಿರತೆ ಹೊತ್ತೊಯ್ದರೆ ಮುಗಿಯಿತು, ಆ ಖ್ಯಾತಿಗೆ ಕಲ್ಲೂ ಇಲ್ಲ, ಕಪ್ಪೂ ಇಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಗುತ್ತಿಯ ಹುಲಿಯ, ಮೂಡಿಗೆರೆಯ ತೇಜಸ್ವಿಯವರ ‘ಕಿವಿ’ ಪುಸ್ತಕ ಸೇರಿದ್ದರಿಂದ ಉಳಿದುಕೊಂಡವು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು. ಪರವಾನಗಿ ಪಡೆದು ಬೇಟೆಯಾಡುವ ಅವಕಾಶವನ್ನೂ 1991ರ ತಿದ್ದುಪಡಿ ತೆಗೆದುಹಾಕಿತು. ಈ ನಡುವೆ, 1987ರಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಕಾಡುಕೋಳಿಗೆ ಇದರಿಂದ ಒಳ್ಳೆಯದೇ ಆಯಿತು ಎನ್ನಬೇಕು. ನಷ್ಟವಾದದ್ದು ನಾಯಿಗಳಿಗೆ. ಇಂಗ್ಲೆಂಡಿನಲ್ಲಿ 1873ರಲ್ಲಿ ಸ್ಥಾಪನೆಯಾದ ಕೆನಲ್ ಕ್ಲಬ್ ನಾಯಿಗಳ ವಂಶಾವಳಿಯನ್ನೂ ಪಂದ್ಯಗಳ ಫಲಿತಾಂಶವನ್ನೂ ಅಚ್ಚು ಹಾಕಿಸಿತು. ನಮ್ಮಲ್ಲಿ ಮುಧೋಳದ ನಾಯಿಗೆ ಘೋರ್ಪಡೆ ಅರಸರ ಆಸರೆ ಸಿಕ್ಕಿತು. 2005ರಲ್ಲಿ ಅದರ ಚಿತ್ರದ ಅಂಚೆಚೀಟಿಯೂ ಬಂತು. ಆದರೆ ಅದು ಕಣ್ಣಿನಿಂದ ಬೇಟೆಯಾಡುವ ಬಯಲುಸೀಮೆಯ ನಾಯಿ. ಹಳುವಿನಲ್ಲಿ ಮೂಗು ಹಿಡಿದು ಹೋಗುತ್ತಿದ್ದ ಮಲೆನಾಡಿನ ನಾಯಿಗೆ ಇದ್ದದ್ದು ‘ಕಂತ್ರಿ’ ಎಂಬ ಒಂದೇ ಹೆಸರು. ಅದೂ ‘ಕಂಟ್ರಿ’ ಎಂಬ ಇಂಗ್ಲಿಷ್ ಮಾತಿನಿಂದ ಬಂದದ್ದು. ಅದರ ವಂಶಾವಳಿಯನ್ನು ಯಾರೂ ಬರೆದಿಡಲಿಲ್ಲ.

ಈಗ ತೋಟದ ಮನೆಗಳ ಅಂಗಳದಲ್ಲಿ ಲ್ಯಾಬ್ರಡಾರ್‌ಗಳನ್ನು ಕಾಣಬಹುದು. ಹೊಡೆದ ಹಕ್ಕಿಯನ್ನು ಹಲ್ಲು ನಾಟದಂತೆ ಬಾಯಲ್ಲಿ ಹಿಡಿದು ತರಲೆಂದೇ ಬ್ರಿಟಿಷರು ಬೆಳೆಸಿದ ತಳಿ ಅದು. ಮಕ್ಕಳು ಎಸೆದ ಚೆಂಡನ್ನು ಅದು ಹಾಗೆಯೇ ತಂದುಕೊಡುತ್ತದೆ.