ಬೆಂಗಳೂರು ರೇಟು, ನಮ್ಮೂರ ರೇಟು: ದೇಶದ ಸರಾಸರಿ ಜೊತೆ ಹೋಲಿಸೋದು ಹೇಗೆ?

ಕಟಿಂಗ್ ಶಾಪ್, ಟೈಲರ್ ಅಂಗಡಿ, ಬೈಕ್ ಗ್ಯಾರೇಜ್, ಎಲ್ಲೇ ರೇಟು ಏರಿದರೂ ಒಂದೇ ಮಾತು: "ಬೆಂಗಳೂರಲ್ಲಿ ಇದರ ಡಬಲ್ ಇದೆ ಸಾರ್." ಗಿರಾಕಿಯ ಉತ್ತರವೂ ರೆಡಿ: "ಟೀವಿಯಲ್ಲಿ ಹಣದುಬ್ಬರ ಇಳಿದಿದೆ ಅಂತಾರೆ, ನೀವು ಏರಿಸ್ತೀರಲ್ಲ?" ಹಣದುಬ್ಬರ ಇಳಿದರೆ ಬೆಲೆ ಇಳಿದಂತಲ್ಲ, ಏರೋ ವೇಗ ಕಮ್ಮಿಯಾಗಿದೆ ಅಂತಷ್ಟೇ. ಇನ್ನು ಬೆಂಗಳೂರಿನ ಮಾತು ಸ್ವಲ್ಪ ಬಿಡಿಸಿ ನೋಡಬೇಕು.

10 ರೂಪಾಯಿ ಬಿಸ್ಕತ್ ಪ್ಯಾಕೆಟ್‌ಗೆ ಮೆಜೆಸ್ಟಿಕ್‌ನಲ್ಲೂ 10, ನಮ್ಮ ಬಸ್‌ ಸ್ಟ್ಯಾಂಡ್‌ನಲ್ಲೂ 10. ಎಂಆರ್‌ಪಿ ಇದೆ, ಲಾರಿಯಲ್ಲಿ ಬರುತ್ತೆ. ಆದರೆ ಹೇರ್ ಕಟಿಂಗನ್ನು ಲಾರಿಗೆ ತುಂಬಿ ಕಳಿಸೋಕಾಗಲ್ಲ. ಅದರಲ್ಲಿರೋದು ಮುಖ್ಯವಾಗಿ ಆ ಊರಿನ ಕೂಲಿ ಮತ್ತು ಆ ಊರಿನ ಬಾಡಿಗೆ. ಬೈಕ್ ರಿಪೇರಿಯಲ್ಲಿ ಇದು ಚೆನ್ನಾಗಿ ಕಾಣುತ್ತೆ: ಬಿಲ್‌ನಲ್ಲಿ ಸ್ಪೇರ್ ಪಾರ್ಟ್ ಬೆಲೆ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ, ಬೇರೆಯಾಗೋದು ಲೇಬರ್ ಚಾರ್ಜ್.

ಬಾಡಿಗೆ ವ್ಯತ್ಯಾಸವನ್ನು ಸರ್ಕಾರವೇ ಒಪ್ಪಿಕೊಂಡಿದೆ. ಕೇಂದ್ರ ನೌಕರರ ಮನೆ ಬಾಡಿಗೆ ಭತ್ಯೆಗೆ ಊರುಗಳನ್ನು ಎಕ್ಸ್, ವೈ, ಝಡ್ ಅಂತ ಮೂರು ಭಾಗ ಮಾಡಿದ್ದಾರೆ. ಬೆಂಗಳೂರು ಎಕ್ಸ್. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ ವೈ. ತಾಲ್ಲೂಕು ಕೇಂದ್ರಗಳೆಲ್ಲ ಝಡ್. 7ನೇ ವೇತನ ಆಯೋಗದ ಲೆಕ್ಕದಲ್ಲಿ 2024ರ ಜನವರಿಯಿಂದ ಭತ್ಯೆ ಮೂಲ ವೇತನದ ಶೇ 30, 20, 10. ಅಂದರೆ ಒಂದೇ ಸಂಬಳದವರಿಗೆ ಬೆಂಗಳೂರಲ್ಲಿ ನಮ್ಮೂರಿನ ಮೂರು ಪಟ್ಟು.

ಈಗ ಎಲ್ಲರೂ ಎಡವೋ ಜಾಗಕ್ಕೆ ಬರೋಣ. ಪೇಪರ್‌ನಲ್ಲಿ ಬರೋ ಗ್ರಾಹಕ ಬೆಲೆ ಸೂಚ್ಯಂಕ ಒಂದು ಊರನ್ನು ಇನ್ನೊಂದು ಊರಿನ ಜೊತೆ ಹೋಲಿಸಲ್ಲ. ಅದೇ ಊರಿನ ಹಳೇ ಬೆಲೆ ಜೊತೆ ಹೋಲಿಸುತ್ತೆ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ನಮ್ಮೂರಲ್ಲಿ ಕಟಿಂಗ್ 60ರಿಂದ 90 ಆಯ್ತು, ಸೂಚ್ಯಂಕ 150. ಬೆಂಗಳೂರಲ್ಲಿ 150ರಿಂದ 210 ಆಯ್ತು, ಸೂಚ್ಯಂಕ 140. ಸೂಚ್ಯಂಕ ಬೆಂಗಳೂರಿನದೇ ಕಮ್ಮಿ, ಆದರೆ ಜೇಬಿಂದ ಹೋಗೋದು ಅಲ್ಲೇ ಜಾಸ್ತಿ. ಹಾಗಾಗಿ "ದೇಶದ ಸರಾಸರಿಗಿಂತ ಸೂಚ್ಯಂಕ ಕಮ್ಮಿ ಇದೆ, ಊರು ಅಗ್ಗ" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ವಿಷಯ. 2012 ಮೂಲವರ್ಷದ ಸರಣಿಯಲ್ಲಿ ನಗರ ಸೂಚ್ಯಂಕದಲ್ಲಿ ವಸತಿಯ ತೂಕ ಶೇ 21.67, ಗ್ರಾಮೀಣ ಸೂಚ್ಯಂಕದಲ್ಲಿ ವಸತಿ ಇರಲೇ ಇಲ್ಲ. ಪುರಸಭೆ, ಪಟ್ಟಣ ಪಂಚಾಯಿತಿ ಇರುವ ಊರೂ ಲೆಕ್ಕದಲ್ಲಿ 'ನಗರ'ವೇ, ಬೆಂಗಳೂರಿನ ಜೊತೆ ಒಂದೇ ಗಂಟು. ಅಂಗಡಿ ಮಳಿಗೆ ಬಾಡಿಗೆ ಮಾತ್ರ ಇದರಲ್ಲಿ ಬರಲ್ಲ, ಯಾಕಂದ್ರೆ ಇದು ಮನೆಮಂದಿ ಖರ್ಚಿನ ಲೆಕ್ಕ. ಮಳಿಗೆ ಮಾಲೀಕರು ಕರಾರು ನವೀಕರಿಸುವಾಗ ಹಣದುಬ್ಬರದ ಅಂಕಿ ತೋರಿಸಿದರೆ ಇದನ್ನು ನೆನಪಿಸಿ. ಅಕ್ಕಪಕ್ಕದ ಮಳಿಗೆಗಳ ಬಾಡಿಗೆಯೇ ಚೌಕಾಸಿಗೆ ಸರಿಯಾದ ಆಧಾರ.

ಖರ್ಚಿನ ಸಮೀಕ್ಷೆಯ ಅಂಕಿಯೂ ಆಗಾಗ ಓಡಾಡುತ್ತೆ. 2022-23ರಲ್ಲಿ ನಗರದ ತಲಾ ಮಾಸಿಕ ಖರ್ಚು ದೇಶದಲ್ಲಿ 6,459 ರೂ., ಕರ್ನಾಟಕದಲ್ಲಿ 7,666 ರೂ. ನಮ್ಮ ರಾಜ್ಯದ ನಗರಗಳು ಅಷ್ಟು ದುಬಾರಿ ಅಂತ ಇದರರ್ಥವಲ್ಲ. ಜಾಸ್ತಿ ಕೊಂಡರೂ ಖರ್ಚು ಏರುತ್ತೆ.

ನಿಮ್ಮ ರೇಟು ಸರಿಯಾಗಿದೆಯಾ ಅಂತ ನೋಡಬೇಕಾದರೆ ಬೆಂಗಳೂರು ಬಿಟ್ಟು ಪಕ್ಕದ ಎರಡು ತಾಲ್ಲೂಕು ಕೇಂದ್ರಗಳಲ್ಲಿ ವಿಚಾರಿಸಿ. ಒಂದೇ ಥರದ ಕೆಲಸ, ಒಂದೇ ವಾರದಲ್ಲಿ, ಪ್ರತಿ ಊರಲ್ಲಿ ಮೂರು ಅಂಗಡಿ ಕೇಳಿ, ನಡುವಿನ ರೇಟು ಹಿಡಿಯಿರಿ. ಬರೀ "ಪ್ಯಾಂಟ್ ಹೊಲಿಗೆ ಎಷ್ಟು" ಅಂದರೆ ಸಾಲದು, ಲೈನಿಂಗ್, ಜಿಪ್ ಸೇರಿದೆಯಾ ಅಂತಲೂ ಕೇಳಬೇಕು. ವರ್ಷದಿಂದ ವರ್ಷಕ್ಕೆ ಎಷ್ಟು ಏರಿಸಬಹುದು ಅನ್ನೋದಕ್ಕೆ ಮಾತ್ರ ಸೂಚ್ಯಂಕ ಉಪಯೋಗ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಪ್ರತಿ ತಿಂಗಳು 12ರ ಹೊತ್ತಿಗೆ ಅದನ್ನು ಪ್ರಕಟಿಸುತ್ತೆ. ಅದರಲ್ಲಿ ದೇಶದ ಸರಾಸರಿ ಬದಲು ಕರ್ನಾಟಕದ ಅಂಕಿ ನೋಡಿ.