ಹೊಟ್ಟೆ ಚಿಕ್ಕದಾದ್ರೂ ಲೆಕ್ಕ ಮುಗಿಯಲ್ಲ

ತೂಕ ಇಳಿಸೋ ಸರ್ಜರಿ ಹೇಗೆ ಬಂತು ಗೊತ್ತಾ? ಹಿಂದೆ ಹೊಟ್ಟೆಹುಣ್ಣಿಗೆ ಜಠರದ ಒಂದು ಭಾಗ ಕತ್ತರಿಸಿ ತೆಗೀತಿದ್ರು. ಆ ರೋಗಿಗಳು ತೂಕ ಏರಿಸಿಕೊಳ್ಳೋಕೆ ಕಷ್ಟಪಡೋದನ್ನು ಗಮನಿಸಿದ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್, 1966ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಶುರು ಮಾಡಿದರು.

ತೂಕ ಇಳೀತು. ಜೊತೆಗೆ ಹಳೇ ಕಾಯಿಲೆಗಳೂ ಹೊಸ ದಾರೀಲಿ ಬಂದವು. 1890ರ ದಶಕದಲ್ಲಿ ಜಾವಾದಲ್ಲಿ ಐಕ್‌ಮನ್, ಪಾಲಿಶ್ ಅಕ್ಕಿ ತಿಂದ ಕೋಳಿಗಳಲ್ಲಿ ಬೆರಿಬೆರಿಯಂಥ ಕಾಯಿಲೆ ಕಂಡಿದ್ದರು. ಕಾರಣ ಬಿ1 ಕೊರತೆ. ಸರ್ಜರಿ ಆದಮೇಲೆ ವಾಂತಿ ನಿಲ್ಲದಿದ್ರೆ ಕೆಲವೇ ವಾರಗಳಲ್ಲಿ ಅದೇ ಕೊರತೆ ಬರಬಹುದು. ಆಗ ರಿಪೋರ್ಟಿಗೂ ಕಾಯದೆ ಬಿ1 ಕೊಡ್ತಾರೆ.

ಬಿ12 ಕಥೆ ಉಲ್ಟಾ. ಅದನ್ನು ಹೀರಿಕೊಳ್ಳೋಕೆ ಜಠರದ ನೆರವು ಬೇಕು; ಬೈಪಾಸ್ ಆದಮೇಲೆ ಊಟ ಜಠರದ ಬಹುಭಾಗವನ್ನು ಮುಟ್ಟೋದೇ ಇಲ್ಲ. ಆದರೂ ಲಿವರ್‌ನಲ್ಲಿರೋ ದಾಸ್ತಾನು ವರ್ಷಗಟ್ಟಲೆ ಸಾಗಿಸುತ್ತೆ. "ಚೆನ್ನಾಗೇ ಇದ್ದೀನಲ್ಲ" ಅನ್ನುವಾಗಲೇ ಅದು ಖಾಲಿ ಆಗ್ತಿರುತ್ತೆ. ಕೈಕಾಲು ಜೋಮು ಹಿಡಿಯೋ ಹೊತ್ತಿಗೆ ನರಕ್ಕೆ ಪೆಟ್ಟು ಬಿದ್ದಿರುತ್ತೆ. ಕೆಲವರಿಗೆ ಅದು ಪೂರ್ತಿ ವಾಸಿ ಆಗಲ್ಲ.

ಅದಕ್ಕೇ ಮೊದಲ ವರ್ಷ ಹಲವು ಸಲ, ಆಮೇಲೆ ವರ್ಷಕ್ಕೊಮ್ಮೆಯಾದ್ರೂ ರಕ್ತಪರೀಕ್ಷೆ ಬೇಕು, ಜೀವನಪೂರ್ತಿ: ಬಿ12, ಫೋಲೇಟ್, ಕಬ್ಬಿಣ, ವಿಟಮಿನ್ ಡಿ. ನಿಮ್ಮ ಮನೇಲಿ ಯಾರಾದ್ರೂ ಈ ಸರ್ಜರಿ ಮಾಡಿಸಿಕೊಂಡಿದ್ರೆ ಇವತ್ತೇ ಕೇಳಿ: ಕೊನೇ ಟೆಸ್ಟ್ ಯಾವಾಗ ಮಾಡ್ಸಿದ್ದು?